ಎಡಕ್ಕೆ ಕಟ್ಟಿದ ಬಾರಾಬಂದಿ

ನಾನು ನಿಂತಿದ್ದು ಹಂದರದ ಮೂಡಣ ಕಂಬದ ಪಕ್ಕದಲ್ಲಿ, ಎಡಭುಜವನ್ನು ಕಂಬಕ್ಕೆ ತಾಗಿಸಿಕೊಂಡು. ಊರು ಕೊಹೀರಿನ ಹತ್ತಿರದ ಒಂದು ಹಳ್ಳಿ. ಮನೆ ನಮ್ಮ ಅಕ್ಕನನ್ನು ಕೊಡುತ್ತಿದ್ದ ಬೀಗರದು. ತೊಗರಿ ರಾಶಿ ಮುಗಿದ ಮೇಲೆ ಬಂದ ಮೊದಲ ಸೋಮವಾರ. ಹೊತ್ತು ಏರಿ, ಹಂದರದ ಸೊಪ್ಪಿನ ಸಂದಿಯಿಂದ ಬಿಸಿಲು ಇಳಿದು ಅಪ್ಪನ ಪಾದದ ಮೇಲೆ ಬಿದ್ದಿತ್ತು. ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳಲು ಇನ್ನೂ ಸ್ವಲ್ಪ ಹೊತ್ತಿತ್ತು. ನನಗೂ ಅಪ್ಪನಿಗೂ ನಡುವೆ ಒಂದು ಚಾಪೆಯ ಅಗಲ ಅಷ್ಟೇ. ಯಾರೂ ಅಡ್ಡ ನಿಂತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅವತ್ತು ನಡೆದದ್ದನ್ನು ನಮ್ಮ ಬಳಗದಲ್ಲಿ ಈಗ ಅಲ್ಲಿ ಇರದಿದ್ದವರೂ ಹೇಳುತ್ತಾರೆ. ಬೀಗರು ಕೊಟ್ಟ ಅಂಗಿಯನ್ನು ಅಪ್ಪ ಹರಿದು ಎಸೆದ ಅಂತ ಒಬ್ಬರು, ಬೀಗರು ಅಪ್ಪನ ಕಾಲಿಗೆ ಬಿದ್ದರು ಅಂತ ಇನ್ನೊಬ್ಬರು. ಹಾಗೇನೂ ಆಗಲಿಲ್ಲ. ನಾನು ಕಂಡದ್ದನ್ನು ಕಂಡದ್ದೆಂದು, ಕೇಳಿದ್ದನ್ನು ಕೇಳಿದ್ದೆಂದು ಬರೆಯುತ್ತೇನೆ. ಆಗ ನನಗೆ ಮೀಸೆ ಬಂದಿರಲಿಲ್ಲ, ಈಗ ಇದ್ದ ಮೀಸೆ ಬೆಳ್ಳಗಾಗಿದೆ.

ಮನೂರಿನ ಕಡೆಯ ನಮ್ಮ ಮನೆ ದೊಡ್ಡದಲ್ಲ. ತಲಬಾಗಿಲು ದಾಟಿದರೆ ಕುರಿಮರಿ ಕಟ್ಟುವ ತಗ್ಗು, ಅಲ್ಲಿಂದ ಮೆಟ್ಟಿಲು ಏರಿದರೆ ಪಡಸಾಲೆ, ಪಡಸಾಲೆಯ ಗೋಡೆಯ ಹಿಂದೆ ಅಡುಗೆಮನೆ. ಮಲಗುವುದು, ಉಣ್ಣುವುದು, ಜಗಳಾಡುವುದು, ಬಂದವರನ್ನು ಕೂರಿಸುವುದು ಎಲ್ಲ ಪಡಸಾಲೆಯಲ್ಲೇ. ಅಲ್ಲಿ ಒಂದು ಗೂಟಕ್ಕೆ ಅಪ್ಪನ ಉಣ್ಣೆ ಕತ್ತರಿ ತೂಗುತ್ತಿತ್ತು, ಇನ್ನೊಂದಕ್ಕೆ ಕಂಬಳಿ. ಮೂಲೆಯಲ್ಲಿ ಆಯಿಯ ಸಂದೂಕ. ಆಯಿ ಅಂದರೆ ಅಪ್ಪನ ತಾಯಿ. ಆ ಸಂದೂಕದಲ್ಲಿ ಬೇವಿನ ಎಲೆಯ ನಡುವೆ ತೀರಿಹೋದ ಮುತ್ಯಾನ, ಅಂದರೆ ಅಜ್ಜನ, ಬಟ್ಟೆ ಇದ್ದವು. ಅಪ್ಪ ಕುರಿಯ ಉಣ್ಣೆ ಕತ್ತರಿಸುವುದರಲ್ಲಿ ಸುತ್ತಿನ ಊರಿಗೆಲ್ಲ ಹೆಸರಾದವನು. ಅವನ ಮೊಣಕಾಲ ನಡುವೆ ಸಿಕ್ಕ ಕುರಿ ಒದರುತ್ತಿರಲಿಲ್ಲ, ಮಲಗಿದಂತೆ ಇರುತ್ತಿತ್ತು. ಜೋಳದ ಕಣಿಕೆ ಹೇರಿದ ಬಂಡಿ ಒಂದು ಇಳಿಜಾರಿನಲ್ಲಿ ಮಗುಚಿ ಬಿದ್ದ ದಿನಕ್ಕೆ ಅದೆಲ್ಲ ಮುಗಿಯಿತು. ಬಂಡಿಯ ಕೆಳಗಿನಿಂದ ಅಪ್ಪನನ್ನು ಎಳೆದರು. ಬಲಗೈಗೆ ಬಿದಿರಿನ ಪಟ್ಟಿ ಕಟ್ಟಿದರು. ಮೂಳೆ ಕೂಡಿತು. ಮೊಣಕೈ ಮಾತ್ರ ಮಡಿಚಿದ್ದು ಮಡಿಚಿದಂತೆಯೇ ಕೂಡಿತು. ಅಂದಿನಿಂದ ಅಪ್ಪನ ಬಲಗೈ ಹೊಟ್ಟೆಗೆ ಅಡ್ಡಲಾಗಿ, ಅಂಗೈ ಎಡಪಕ್ಕೆಯ ಮೇಲೆ, ಮರಿ ಅವಚಿಕೊಂಡವರ ಕೈ ಹಾಗೆ ಇದ್ದುಬಿಟ್ಟಿತು. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಹಿಡಿಯುತ್ತಿದ್ದವು. ಉಳಿದವು ಸುಮ್ಮನೆ ಇದ್ದವು.

ಆ ಕೈ ಬಾಯಿಗೆ ಮುಟ್ಟುತ್ತಿರಲಿಲ್ಲ. ಹಾಗಾಗಿ ಅಪ್ಪ ಎಡಗೈಯಲ್ಲಿ ಉಣ್ಣಬೇಕಾಯಿತು. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಅವ್ವ ರೊಟ್ಟಿಯನ್ನು ಸಣ್ಣಗೆ ಮುರಿದು ತೊಗರಿಬೇಳೆಯಲ್ಲಿ ನೆನೆಸಿ ಇಡುತ್ತಿದ್ದಳು. ನಾವೆಲ್ಲ ಅವನ ಬೆನ್ನು ನೋಡುತ್ತ ಪುಂಡಿಪಲ್ಯ ರೊಟ್ಟಿ ತಿನ್ನುತ್ತಿದ್ದೆವು. ಊರ ಪಂಗತಿಗೆ ಕರೆದರೆ ಅಪ್ಪ ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದ. ಅಂಗಿಯೂ ಹೋಯಿತು. ಆಗ ಎಲ್ಲರೂ ತೊಡುತ್ತಿದ್ದ ಟೆರಿಕಾಟ್ ಅಂಗಿಯ ಬಿಗಿ ತೋಳಿನಲ್ಲಿ ಆ ಮೊಣಕೈ ಇಳಿಯುತ್ತಿರಲಿಲ್ಲ. ತಲೆಯ ಮೇಲಿಂದ ಇಳಿಸುವ ಅಂಗಿಗೆ ಕೈ ಮೇಲೇಳಬೇಕು, ಅದು ಏಳುತ್ತಿರಲಿಲ್ಲ. ಬಲಭುಜದ ಹತ್ತಿರ ಸೀಳಿದ ಬನಿಯನ್ನನ್ನು ಅವ್ವ ಬೆಳಿಗ್ಗೆ ತೊಡಿಸಿ, ಮೇಲೆ ಕಂಬಳಿ ಹೊದಿಸುತ್ತಿದ್ದಳು. ಆ ಹೊತ್ತಿಗೆ ಅಕ್ಕ ನೀರಿಗೆ ಹೋಗಬೇಕು, ನಾನು ಮರಿಗಳಿಗೆ ಸೊಪ್ಪು ಹಾಕಬೇಕು. ಹೀಗೆಂದು ಯಾರೂ ಹೇಳಿರಲಿಲ್ಲ. ನಾವೇ ಕಲಿತಿದ್ದೆವು.

ಅಕ್ಕ ಮಾದೇವಿಗೆ ಕೊಹೀರಿನ ಕಡೆಯ ಸಂಬಂಧ ಕೂಡಿ ಬಂದಾಗ ಮನೆಯಲ್ಲಿ ಸಂತೋಷಕ್ಕಿಂತ ಮೊದಲು ಹುಟ್ಟಿದ್ದು ಜಗಳ. ನಮ್ಮವರಲ್ಲಿ ಅಕ್ಕಿಕಾಳು ಬೀಳುವ ಮೊದಲು ಬೀಗರು ಬೀಗರಿಗೆ ಅಂಗಿ ತೊಡಿಸಬೇಕು. ಗಂಡಿನ ತಂದೆ ತನ್ನ ಕೈಯಾರೆ ಹೆಣ್ಣಿನ ತಂದೆಗೆ ಹೊಸ ಅಂಗಿ ತೊಡಿಸಿ ರುಮಾಲು ಸುತ್ತುತ್ತಾನೆ, ಹಂದರದ ನಡುವೆ, ಎಲ್ಲರ ಕಣ್ಣೆದುರು. ಅದಾಗದೆ ಅಕ್ಕಿ ಹಂಚುವುದಿಲ್ಲ. ಆ ಮಾತು ಬಂದ ಸಂಜೆ ಅಪ್ಪ ಗೋಡೆಯ ಕಡೆ ತಿರುಗಿಯೇ ಹೇಳಿದ:

“ನಾ ಬರಂಗಿಲ್ಲ. ಅಣ್ಣ ಅದಾನ, ಅಂವ ನಿಲ್ತಾನ.”

“ಹಡದಪ್ಪ ಜೀವಂತ ಇದ್ದು ದೊಡ್ಡಪ್ಪ ನಿಂತ್ರ ಮಂದಿ ಏನಂತಾರ್ರಿ?” ಅಂದಳು ಅವ್ವ.

“ಲಗ್ನಕ್ಕ ಬಂದ ಮಂದಿಗೆ ನನ್ನ ತೋಳು ತುರುಕೋ ತಮಾಷಿ ತೋರಿಸ್ಲೇನು?”

ಅಡುಗೆಮನೆಯಿಂದ ಅಕ್ಕನ ದನಿ ಬಂತು. ರೊಟ್ಟಿ ತಟ್ಟುವ ಸದ್ದು ನಿಂತಿತ್ತು.

“ಅಪ್ಪ ಬರಲಿಲ್ಲಂದ್ರ ನಾನೂ ಬರಂಗಿಲ್ಲ. ಲಗ್ನ ನೀವೇ ಮಾಡ್ಕೊಂಡು ಬರ್ರಿ.”

“ಹಂಗಾರ ಬಾಸಿಂಗ ನಂಗ ಕಟ್ರಿ,” ಅಂದಳು ಆಯಿ, ಎಲೆ ಅಡಿಕೆ ಕುಟ್ಟುತ್ತ. “ಹಲ್ಲಿಲ್ಲ, ಖರೆ. ಆದ್ರ ಕರೆದಲ್ಲಿ ಬರ್ತೀನಿ.”

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಅವತ್ತು ಮಾತು ಅಲ್ಲಿಗೇ ನಿಂತಿತು.

ದಾರಿ ಕಂಡದ್ದು ಅವ್ವನಿಗೆ, ಮತ್ತು ಅದು ಕಂಡದ್ದು ಬಿಸಿಲಲ್ಲಿ. ಹುಳ ಬೀಳಬಾರದೆಂದು ಆಯಿ ಸಂದೂಕದ ಬಟ್ಟೆಗಳನ್ನು ಅಂಗಳದ ಹಗ್ಗದ ಮೇಲೆ ಹಾಕಿಸಿದ್ದಳು. ಅವುಗಳಲ್ಲಿ ಮುತ್ಯಾನ ಬಾರಾಬಂದಿಯೂ ಇತ್ತು. ಈಗಿನವರಿಗೆ ಹೇಳಬೇಕು: ಬಾರಾಬಂದಿಗೆ ಗುಂಡಿ ಇಲ್ಲ. ಮುಂಭಾಗದ ಒಂದು ಮಡಿಕೆ ಒಳಗೆ, ಇನ್ನೊಂದು ಅದರ ಮೇಲೆ ಹಾದು ಪಕ್ಕೆಗೆ ಬರುತ್ತದೆ. ಒಳಗೂ ಹೊರಗೂ ಕಟ್ಟಲು ಬಟ್ಟೆಯದೇ ಕಸೆಗಳು, ಜೋಡಿ ಜೋಡಿಯಾಗಿ ಬಾರಾ, ಅಂದರೆ ಹನ್ನೆರಡು. ಅದಕ್ಕೇ ಆ ಹೆಸರು. ಆಗಲೇ ಅದು ಹಳೆಯ ಕಾಲದ ಉಡುಪಾಗಿತ್ತು. ತೊಡುವ ಮುದುಕರು ಸಂತೆಯಲ್ಲಿ ಎಲ್ಲೋ ಒಬ್ಬರು ಕಂಡರೆ ಹುಡುಗರು ಹಿಂದೆ ಬೀಳುತ್ತಿದ್ದರು. ಅವ್ವ ಹಗ್ಗದ ಮುಂದೆ ಬಹಳ ಹೊತ್ತು ನಿಂತಿದ್ದಳು. ಕಸೆಯೆಲ್ಲ ಬಿಚ್ಚಿದ ಅಂಗಿ ಬಾಳೆಎಲೆಯ ಹಾಗೆ ಪೂರ್ತಿ ಹರಡಿಕೊಂಡಿತ್ತು. ಅದನ್ನು ತೊಡಲು ಕೈ ಎತ್ತಬೇಕಿಲ್ಲ; ಬೆನ್ನ ಹಿಂದಿನಿಂದ ಹೊದಿಸಿ, ಮಡಿಚಿದ ಕೈಯನ್ನು ಮಡಿಚಿದಂತೆಯೇ ಒಳಗೆ ಇಳಿಸಬಹುದು. ಆ ದಿನವೇ ಅವ್ವ ಬೀಗರಿಗೆ ಹೇಳಿಕಳಿಸಿದಳು: ಅಂಗಿ ಹೊಲಿಸಬೇಡಿ, ಬಾರಾಬಂದಿಗೆ ಬಟ್ಟೆ ಕೊಡಿ, ಹೊಲಿದು ತೊಟ್ಟುಕೊಂಡೇ ಬರುತ್ತಾರೆ.

ಗಂಡಿನ ತಂದೆ ಭೀಮಣ್ಣ ತಾನೇ ಬಂದ. ಹೆದ್ದಾರಿಯ ಬದಿಗೆ ಕುರಿ ವ್ಯಾಪಾರ ಮಾಡುತ್ತಿದ್ದ ಎತ್ತರದ ಆಳು. ಬಾಗಿಲಲ್ಲಿ ಬಗ್ಗಿ ಒಳಗೆ ಬಂದು ದಪ್ಪ ಬಿಳಿ ಹತ್ತಿಬಟ್ಟೆಯ ಗಂಟನ್ನು ಚಾಪೆಯ ಮೇಲಿಟ್ಟ. ಅಪ್ಪನ ಕೈಯ ಕಡೆ ಅವನು ನೋಡಲಿಲ್ಲ, ನೋಡದಿರಲು ಪ್ರಯತ್ನಪಟ್ಟಂತೆಯೂ ಕಾಣಲಿಲ್ಲ. ಅದು ನನಗೆ ಹಿಡಿಸಿತು.

“ಈ ಕಾಲದಾಗ ಬಾರಾಬಂದಿ? ಚಲೋ ಆತು ಬಿಡ್ರಿ,” ಅಂದ. “ನಮ್ಮಪ್ಪನ ಲಗ್ನದಾಗೂ ಹಿಂಗೇ ಬಟ್ಟಿ ಕಳಿಸಿದ್ರಂತ. ಒಂದು ಮಾತು ಮರೀಬ್ಯಾಡ್ರಿ. ಅಂಗಿ ತೊಟ್ಟು ಬಂದ್ರೂ ಕೊನೀ ಕಸಿ ಹಂದರದಾಗ ಬೀಗ ಕಟ್ಟಬೇಕು. ಅದು ನಂದು.”

ನಾರಾಯಣಖೇಡದ ಪೇಟೆಯ ದರ್ಜಿಯ ಹತ್ತಿರ ಅವ್ವ ನನ್ನನ್ನೂ ಕರೆದುಕೊಂಡು ಹೋದಳು. ಅವನು ಬಟ್ಟೆಯನ್ನು ಬೆರಳಲ್ಲಿ ಹೊಸೆದು ನೋಡಿ ತಲೆ ಅಲ್ಲಾಡಿಸಿದ.

“ಕಾಲರ್ ಹೇಳ್ರಿ ಅಕ್ಕಾ, ಕಫ್ ಹೇಳ್ರಿ, ನಾಳಿಗಿ ಕೊಡ್ತೀನಿ. ಬಾರಾಬಂದಿ ಕಟಿಂಗ್ ನಮ್ಮ ಅಬ್ಬಾಗ ಬರ್ತಿತ್ತು, ಅವರ ಜೋಡಿ ಹೋತು. ನಂಗ ಗುಂಡಿ ಇಲ್ಲದ ಅಂಗಿ ಅಂದ್ರ ಚಿಲಕ ಇಲ್ಲದ ಬಾಗಲ ಹಂಗ ಕಾಣ್ತದ.”

“ಚಿಲಕ ಇಲ್ಲದ ಬಾಗಲದಾಗೇ ನಾವು ಇಷ್ಟು ವರ್ಷ ಬಾಳೇ ಮಾಡೀವಿ,” ಅಂದು ಅವ್ವ ಗಂಟು ಎತ್ತಿಕೊಂಡಳು. ತಿರುಗಿ ಬರುವ ಜೀಪಿನಲ್ಲಿ ಕುರಿ, ಕಾಳಿನ ಚೀಲ, ಮಂದಿ ಎಲ್ಲ ತುಂಬಿದ್ದರು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಯಾರಿಗೂ ಅಲ್ಲದಂತೆ ಹೇಳಿದಳು: “ನಾನೇ ಹೊಲೀತೀನಿ.”

ಅವ್ವನಿಗೆ ಹೊಲಿಯಲು ಬರುತ್ತಿದ್ದುದು ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಹಿಡಿದು ನಡುವಿನ ತನಕ ಸಾಲು ಸಾಲಾಗಿ ದಾರ ಎಳೆಯುವ ಕೆಲಸ. ನಮ್ಮ ಮನೆಯ ಕೌದಿಗಳನ್ನು ನೋಡಲೆಂದೇ ಹೆಂಗಸರು ಬರುತ್ತಿದ್ದರು. ಕೌದಿಗೆ ಒಳಗು ಹೊರಗು ಇಲ್ಲ, ಯಾವ ಮಗ್ಗುಲು ಹೊದ್ದರೂ ಅದೇ ಕೌದಿ. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಅಳತೆಗೆಂದು ಮುತ್ಯಾನ ಬಾರಾಬಂದಿಯ ಹೊಲಿಗೆ ಬಿಚ್ಚಲು ಅವ್ವ ಕೇಳಿದಾಗ ಆಯಿ ಒಪ್ಪಲಿಲ್ಲ.

“ಅವನ ಅಂಗಿಗೆ ಕತ್ತರಿ ಹಚ್ಚಬ್ಯಾಡ ಲಚ್ಚಿ. ತಿರುವಿ ಹಾಕಿ ನೋಡ್ಕೋ, ಹೊಲಿಗಿ ಎಲ್ಲಾ ಒಳಗ ಕಾಣ್ತಾವ.”

ಅವ್ವ ಹಾಗೆಯೇ ಮಾಡಿದಳು. ಅಂಗಿಯ ಒಳಮಗ್ಗುಲನ್ನು ಹೊರಗೆ ತಿರುವಿ, ಪಡಸಾಲೆಯ ನೆಲದ ಮೇಲೆ ಹಾಸಿ, ಹೊಲಿಗೆಯ ದಾರಿ ನೋಡುತ್ತ, ಹೊಸ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಕಚ್ಚಾ ಗೆರೆ ಎಳೆದಳು. ಮನೆಯಲ್ಲಿದ್ದದ್ದು ಒಂದೇ ಕತ್ತರಿ, ಅಪ್ಪನ ಉಣ್ಣೆ ಕತ್ತರಿ. ಬಂಡಿ ಮಗುಚಿದ ಮೇಲೆ ಅದನ್ನು ಗೂಟದಿಂದ ಇಳಿಸಿದ್ದು ಅವತ್ತೇ ಮೊದಲು. ಅದರ ಸದ್ದಿಗೆ ಹೊರಗೆ ಕಟ್ಟೆಯ ಮೇಲಿದ್ದ ಅಪ್ಪ ಕತ್ತು ತಿರುಗಿಸಿದ್ದನ್ನು ಕಂಡೆ. ಆಮೇಲೆ ಕೆಲವು ಮಧ್ಯಾಹ್ನ ಅವ್ವ ಬಾಗಿಲ ಬೆಳಕಿನಲ್ಲಿ ಕೂತು ಹೊಲಿದಳು. ಕಂಕುಳಲ್ಲಿ ಸೇರಿಸುವ ಚೌಕದ ತುಂಡನ್ನು ದೊಡ್ಡದು ಮಾಡಿ ತೋಳನ್ನು ಅಗಲಿಸಿದಳು, ಎರಡೂ ತೋಳನ್ನು. ಒಂದೇ ದೊಡ್ಡದಾದರೆ ಮಂದಿಯ ಕಣ್ಣು ಅಲ್ಲಿಗೇ ಹೋಗುತ್ತದೆ ಅಂದಳು. ಮೊಣಕೈಯ ಸುತ್ತಳತೆ ಬೇಕಿತ್ತು. ಅಪ್ಪನನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವನು ಊಟವಾಗಿ ಅಡ್ಡಾದ ಹೊತ್ತಿಗೆ ಅವ್ವ ದಾರ ಹಿಡಿದು ಪಕ್ಕ ಕೂತಳು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ದಾರ ಮೊಣಕೈಯ ಕೆಳಗೆ ಸಿಕ್ಕಿಕೊಂಡಿತು. ಅಪ್ಪ ಕಣ್ಣು ತೆರೆಯಲಿಲ್ಲ. ಮೈಯನ್ನು ಒಂದಿಷ್ಟು ಎತ್ತಿದ, ದಾರ ಆಚೆ ಬಂತು, ಮತ್ತೆ ಮಲಗಿದ.

ಹೊರಡುವ ಹಿಂದಿನ ದಿನ ಅಂಗಿ ಸಿದ್ಧವಾಯಿತು. ಅವ್ವ ಅಪ್ಪನನ್ನು ಪಡಸಾಲೆಯ ನಡುವೆ ನಿಲ್ಲಿಸಿ ಬೆನ್ನ ಹಿಂದಿನಿಂದ ಹೊದಿಸಿದಳು. ಬಲಗೈ ನೀರಿಗಿಳಿದಂತೆ ಇಳಿಯಿತು. ಅವ್ವ ಒಳಮಡಿಕೆ ಎಳೆದಳು, ಹೊರಮಡಿಕೆ ಎಳೆದಳು, ಆಮೇಲೆ ಅವಳ ಕೈ ನಿಂತಿತು. ಕೂತಲ್ಲಿಂದಲೇ ಆಯಿ ಕೂಗಿದಳು:

“ಏ ಲಚ್ಚಿ! ಇದೇನು ಮಾಡೀದಿ? ಎಡಕ್ಕ ಬಂತಲ್ಲ!”

ನಮ್ಮವರಲ್ಲಿ ಬದುಕಿದವರ ಕಸೆ ಬಲಪಕ್ಕೆಗೆ. ಸತ್ತವರಿಗೆ ಎಲ್ಲವೂ ತಿರುಗುಮುರುಗು. ಹೆಣಕ್ಕೆ ಬಾರಾಬಂದಿ ತೊಡಿಸಿದರೆ ಮಡಿಕೆ ತಿರುಗಿಸಿ ಎಡಪಕ್ಕೆಗೆ ಕಟ್ಟುತ್ತಾರೆ. ಮುತ್ಯಾನಿಗೆ ಹಾಗೆ ಕಟ್ಟಿದ್ದನ್ನು ಆಯಿ ನೋಡಿದ್ದಳು. ಅವ್ವ ತಿರುವಿ ಹಾಕಿದ ಅಂಗಿಯನ್ನು ಕಂಡಂತೆಯೇ ಕತ್ತರಿಸಿದ್ದಳು. ಕೌದಿ ಹೊಲಿದ ಕೈ. ಒಳಗು ಹೊರಗಾದರೆ ಎಡ ಬಲವೂ ಅದಲುಬದಲಾಗುತ್ತದೆಂಬ ಯೋಚನೆ ಅದಕ್ಕೆ ಬಂದಿರಲಿಲ್ಲ. ಬಟ್ಟೆ ಮಿಕ್ಕಿರಲಿಲ್ಲ. ಮಡಿಕೆಗಳೇ ಬೇರೆ ಬೇರೆ ಅಗಲವಾದ್ದರಿಂದ ಸುಮ್ಮನೆ ಆಚೆ ಎಳೆದು ಕಟ್ಟುವಂತೆಯೂ ಇರಲಿಲ್ಲ. ಅವ್ವ ಅಳಲಿಲ್ಲ. ಗೂಟದಿಂದ ಕತ್ತರಿ ತೆಗೆದು ಹೊಲಿಗೆ ಬಿಚ್ಚಲು ಅಪ್ಪನ ಪಕ್ಕಕ್ಕೆ ಬಂದಳು.

“ತಡಿ,” ಅಂದ ಅಪ್ಪ.

ಅವನ ಬಲಗೈ ಎಂದಿನಂತೆ ಎಡಪಕ್ಕೆಯ ಮೇಲಿತ್ತು. ಅದರ ಹೆಬ್ಬೆರಳಿಗೆ ಒಂದು ಕಸೆ ತಾನಾಗಿ ಸಿಕ್ಕಿತ್ತು. ಎಡಗೈಯಿಂದ ಅಪ್ಪ ಇನ್ನೊಂದು ಕಸೆ ಹಿಡಿದ, ಸುತ್ತಿದ, ಒಳಗೆ ತೂರಿಸಿದ, ಎಳೆದ. ಗಂಟು ಕೂತಿತು. ಬಂಡಿ ಮಗುಚಿದ ಮೇಲೆ ಅಪ್ಪ ತನ್ನ ಮೈಮೇಲಿನದನ್ನು ತಾನು ಕಟ್ಟಿಕೊಂಡದ್ದು ಅದೇ ಮೊದಲು. ಅದನ್ನು ಬಿಚ್ಚಿದ. ಮತ್ತೆ ಕಟ್ಟಿದ. ಕಸೆ ಬಲಪಕ್ಕೆಗೆ ಇದ್ದಿದ್ದರೆ ಆ ಕೈ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಅವ್ವನ ಕೈಯ ಕತ್ತರಿ ತೆರೆದಿದ್ದು ತೆರೆದಂತೆಯೇ ಇತ್ತು.

“ಇದು ಹಿಂಗೇ ಇರ್ಲಿ,” ಅಂದ ಅಪ್ಪ.

“ಇರ್ಲಿ ಅಂದ್ರ?” ಅಂದಳು ಆಯಿ. “ಹೆಣದ ಕಟ್ಟು ಕಟ್ಕೊಂಡು ಮಗಳಿಗೆ ಧಾರಿ ಎರೀತಿಯೇನು?”

“ಎಡಕ್ಕಾದ್ರ ನಾ ಬರ್ತೀನಿ ಯವ್ವಾ. ಬಲಕ್ಕಾದ್ರ ಅಣ್ಣನ್ನ ಕಳಿಸ್ರಿ.”

“ಹಂಗಾರ ನಾ ಬರಂಗಿಲ್ಲ,” ಅಂದು ಆಯಿ ಗೋಡೆಗೆ ತಿರುಗಿ ಮಲಗಿದಳು. ನಮ್ಮ ಮನೆಯಲ್ಲಿ ಆ ಗೋಡೆಗೆ ಕೆಲಸ ಬಹಳ.

ಮರುದಿನ ಲಗ್ನದ ಗಾಡಿ ಬಂದು ನಿಂತಾಗ, ನಾವು ಹಾಸಿಗೆ ಗಂಟು ಹೊರುವ ಮೊದಲೇ, ಮುಂದಿನ ಜಾಗದಲ್ಲಿ ಎಲೆ ಅಡಿಕೆ ಚೀಲ ಮಡಿಲಲ್ಲಿಟ್ಟುಕೊಂಡು ಆಯಿ ಕೂತಿದ್ದಳು. “ನಿಮ್ಮ ಸಲುವಾಗಿ ಅಲ್ಲ, ಮಾದೇವಿ ಸಲುವಾಗಿ,” ಅಂದಳು. ಜಹೀರಾಬಾದ್ ದಾಟುವ ತನಕ ಅಪ್ಪನ ಜೊತೆ ಮಾತಾಡಲಿಲ್ಲ.

ಸೋಮವಾರ ಬೆಳಿಗ್ಗೆ ಅವ್ವ ನನ್ನ ರಟ್ಟೆ ಹಿಡಿದು ಮೂಡಣ ಕಂಬದ ಹತ್ತಿರ ನಿಲ್ಲಿಸಿದಳು.

“ನಂಗ ನೋಡಾಕ ಆಗಂಗಿಲ್ಲ ಸಿದ್ದು. ನೀ ಇಲ್ಲೇ ನಿಂದರು. ಕಣ್ಣು ಕೀಳಬ್ಯಾಡ. ಏನೇನಾತು ಅಂತ ಎಲ್ಲಾ ಬಂದು ಹೇಳು.”

ಹೀಗೆ ಹೇಳಿ ಮನೆಯ ಹಿಂದೆ ಅನ್ನ ಬಸಿಯುವಲ್ಲಿಗೆ ಹೋದಳು. ನಾನು ಅಲ್ಲಿ ನಿಂತದ್ದು ಅವಳ ಸಲುವಾಗಿ. ಅಪ್ಪ ಹಂದರಕ್ಕೆ ಬಂದ, ಹೆಗಲ ಕಂಬಳಿ ತೆಗೆದು ದೊಡ್ಡಪ್ಪನ ಕೈಗೆ ಕೊಟ್ಟ. ಬಿಳಿ ಬಾರಾಬಂದಿ ಕಂಡು ಮುದುಕರ ಸಾಲಿನಲ್ಲಿ ಸಣ್ಣ ಗುಜುಗುಜು ಎದ್ದಿತು. “ನೋಡ್ರಪ್ಪ, ಬೀಗ ಅಂದ್ರ ಹಿಂಗಿರಬೇಕು” ಅಂತ ಒಬ್ಬರು ಅಂದದ್ದು ನನಗೆ ಕೇಳಿಸಿತು. ಅಪ್ಪ ಎಲ್ಲ ಕಸೆ ಕಟ್ಟಿಕೊಂಡು ಕೊನೆಯದೊಂದನ್ನು ಬಿಟ್ಟಿದ್ದ. ಭೀಮಣ್ಣ ನಗುತ್ತ ಬಗ್ಗಿ ಅದಕ್ಕೆ ಕೈ ಚಾಚಿದ. ಆಗ ಅವನ ಹಿಂದೆ ನಿಂತಿದ್ದ ಸಿದ್ರಾಮಪ್ಪ ಕೂಗಿದ. ಸಿದ್ರಾಮಪ್ಪ ಭೀಮಣ್ಣನ ದೊಡ್ಡಪ್ಪನ ಮಗ, ಅವನಿಗಿಂತ ಹಿರಿಯ, ಆ ಮನೆಯ ಲಗ್ನಗಳ ರೀತಿನೀತಿ ನೋಡುವವನು.

“ಭೀಮಾ, ಕೈ ತಗಿ! ಎಡಕ್ಕದ ಅದು. ಹೆಣದ ಕಟ್ಟು!”

ಬಾರಿಸುತ್ತಿದ್ದ ಹಲಗೆ ನಿಂತಿತು. ಬಾಸಿಂಗ ಕಟ್ಟಿಕೊಂಡು ಕೂತಿದ್ದ ಅಕ್ಕನ ತಲೆ ಎದ್ದದ್ದು ಕಂಡೆ. ಭೀಮಣ್ಣನ ಕೈ ಅಲ್ಲೇ ಗಾಳಿಯಲ್ಲಿ ಉಳಿಯಿತು. ಸಿದ್ರಾಮಪ್ಪ ಕೆಟ್ಟವನಲ್ಲ, ಹೊಸ ಮದುಮಕ್ಕಳ ಮೇಲೆ ಕೆಡುಕು ಬೀಳುತ್ತದೆಂದು ನಿಜವಾಗಿ ಹೆದರಿದ್ದ. ಅವನ ಮುಖ ನಾನು ನೋಡಿದ್ದೇನೆ. ಅವನು ಒಳಗಿನಿಂದ ಒಂದು ಹೊಸ ಅಂಗಿ ತರಿಸಿದ.

“ಇದನ್ನ ತೊಡ್ರಿ ಬೀಗರ. ಅಕ್ಕಿ ಹೊತ್ತು ಮೀರ್ತದ. ನಾವು ನಾಕು ಮಂದಿ ಹಿಡಿದು ತೊಡಿಸ್ತೀವಿ.”

ಆಕಾಶಬಣ್ಣದ ಟೆರಿಕಾಟ್. ತೋಳು ಬಿಗಿಯಾದದ್ದು. ಅಪ್ಪ ಅದನ್ನು ನೋಡಿದ. ಆಮೇಲೆ ಬಾರಾಬಂದಿಯ ಗಂಟುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಸೋತ, ತೆಗೆದುಬಿಡುತ್ತಾನೆ ಅಂದುಕೊಂಡೆ. ಮಡಿಕೆಗಳು ಎರಡೂ ಕಡೆ ಸರಿದವು. ಎಡಗೈಯಿಂದ ಬಲಗಡೆಯ ಅಗಲ ತೋಳನ್ನು ಭುಜದ ತನಕ ಏರಿಸಿದ. ಯಾರಿಗೂ ತೋರಿಸದೆ ಇಟ್ಟಿದ್ದ ಆ ಕೈ, ಬಂಡಿಯ ಅಚ್ಚಿನ ಗುರುತು, ಬತ್ತಿದ ರಟ್ಟೆ, ಎಲ್ಲ ಹಂದರದ ಬೆಳಕಿಗೆ ಬಂದವು. ಅಪ್ಪ ಸುತ್ತ ನೋಡಿದ, ಎಲ್ಲರಿಗೂ ಕಾಣಲಿ ಅನ್ನುವಷ್ಟು ಹೊತ್ತು ಹಾಗೆಯೇ ನಿಂತ. ನಂತರ ತೋಳು ಇಳಿಸಿ, ಒಳಮಡಿಕೆ ಎಳೆದುಕೊಂಡು ಮೊದಲ ಕಸೆ ಹಿಡಿದ. ಹೆಬ್ಬೆರಳಲ್ಲಿ ಒಂದು ತುದಿ, ಎಡಗೈಯಲ್ಲಿ ಇನ್ನೊಂದು. ಸುತ್ತಿದ. ಗಂಟು ಜಾರಿತು. ನನ್ನ ಕೈ ತಾನಾಗಿ ಮುಂದೆ ಹೋಗಿತ್ತು, ಹಿಂದಕ್ಕೆ ಎಳೆದುಕೊಂಡೆ. ಅಪ್ಪ ಮತ್ತೆ ಸುತ್ತಿದ, ಗಂಟು ಕೂತಿತು. ಎರಡನೆಯದು. ಅವನ ಹಣೆಯ ಬೆವರು ಗಡ್ಡದ ತನಕ ಇಳಿಯಿತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಅವನು ಅವಸರ ಮಾಡಲಿಲ್ಲ. ಹೆದರಿದ ಕುರಿಯ ಮೇಲೆ ಕತ್ತರಿ ಆಡಿಸುವಾಗ ಅವನು ಹೇಗಿರುತ್ತಿದ್ದನೋ ಹಾಗೇ ಇದ್ದ.

ಆಗ ಹೆಂಗಸರ ಕಡೆಯಿಂದ ಆಯಿಯ ದನಿ ಬಂತು. ಅವಳು ಎದ್ದು ನಿಂತು ಹೇಳಿದಳೆಂದು ಕೆಲವರು ಅನ್ನುತ್ತಾರೆ. ನಾನು ತಿರುಗಿ ನೋಡಲಿಲ್ಲ, ಕಣ್ಣು ಕೀಳಬೇಡವೆಂದು ಅವ್ವ ಹೇಳಿದ್ದಳು. ಮಾತು ಮಾತ್ರ ಕೇಳಿದೆ.

“ಹೆಣಕ್ಕ ಮಂದಿ ಕಟ್ತಾರ ಸಿದ್ರಾಮಪ್ಪಾ. ನನ್ನ ಗಂಡಗ ಕಟ್ಟಿದಾಗ ನಾ ಅಲ್ಲೇ ಇದ್ದೆ, ನಂಗ ಗೊತ್ತದ. ತನ್ನ ಕಸಿ ತಾ ಕಟ್ಕೊಂಡ ಹೆಣ ಎಲ್ಯರೆ ಕಂಡಿಯೇನು?”

ಅಪ್ಪ ಉಳಿದವನ್ನೂ ಕಟ್ಟಿ ಮುಗಿಸಿದ, ಕೊನೆಯದೊಂದನ್ನು ಬಿಟ್ಟು. ಅದರ ಎರಡೂ ತುದಿಯನ್ನು ಬಲಗೈಯ ಬೆರಳಲ್ಲಿ ಹಿಡಿದು ಭೀಮಣ್ಣನ ಕಡೆ ತಿರುಗಿದ.

“ಬೀಗರ, ಇದು ನಿಮ್ದು.”

ಭೀಮಣ್ಣ ಸಿದ್ರಾಮಪ್ಪನ ಕಡೆ ನೋಡಲಿಲ್ಲ. ಬಗ್ಗಿ ಕಸೆ ತೆಗೆದುಕೊಂಡು ಎಡಪಕ್ಕೆಯ ಮೇಲೆ ಗಂಟು ಹಾಕಿದ, ಬಿಚ್ಚದಂತೆ ಒಮ್ಮೆ ಜಗ್ಗಿ ನೋಡಿದ, ಆಮೇಲೆ ಅಪ್ಪನಿಗೆ ರುಮಾಲು ಸುತ್ತಿದ. ಸಿದ್ರಾಮಪ್ಪ ಆಕಾಶಬಣ್ಣದ ಅಂಗಿಯನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡ. ಅಕ್ಕಿ ಹಂಚಿದಾಗ ಅವನೂ ಕೈ ಒಡ್ಡಿದ, ಅವನೂ ಅಕ್ಕಿಕಾಳು ಎಸೆದ.

ನಾನು ಮನೆಯ ಹಿಂದಕ್ಕೆ ಓಡಿದೆ. ಅವ್ವ ಬಸಿದ ಅನ್ನದ ಮುಂದೆ ಕೈಕಟ್ಟಿ ಕೂತಿದ್ದಳು. ಹಲಗೆ ನಿಂತದ್ದೂ ಮತ್ತೆ ಶುರುವಾದದ್ದೂ ಅವಳಿಗೆ ಕೇಳಿಸಿತ್ತು, ನಡುವೆ ಏನಾಯಿತೆಂದು ಗೊತ್ತಿರಲಿಲ್ಲ. ನಾನು ಒಂದೇ ಉಸಿರಿಗೆ ಹೇಳಿದೆ. ಕೊನೆಗೆ, ಆ ಗಳಿಗೆಗೆ ಏನೋ ಕಡಿಮೆಯಾಯಿತು ಅನಿಸಿ, ಎಲ್ಲರೂ ಚಪ್ಪಾಳೆ ತಟ್ಟಿದರು ಅಂತಲೂ ಸೇರಿಸಿದೆ.

“ಚಪ್ಪಾಳಿ?” ಅಂದಳು ಅವ್ವ. “ನಾ ಹಿಂದ ಕುಂತಿದ್ದೆ, ಕಿವುಡಿ ಆಗಿದ್ದಿಲ್ಲ. ಒಂದು ಚಪ್ಪಾಳಿ ಕೇಳ್ಲಿಲ್ಲ. ಇದ್ದದ್ದು ಹೇಳು. ಮೊದಲಿಂದ ಹೇಳು.”

ಮೊದಲಿಂದ ಹೇಳಿದೆ. ಮೊದಲ ಗಂಟು ಜಾರಿದ್ದನ್ನು ಹೇಳಿದಾಗ ಅವಳು ಕಣ್ಣು ಮುಚ್ಚಿದಳು. ಕಸೆ ಸ್ವಲ್ಪ ಗಿಡ್ಡವಾಯಿತೇನೋ ಅಂತ ಕೇಳಿದಳು. ಇಲ್ಲ, ಉದ್ದ ಸರಿಯಿತ್ತು, ಅಪ್ಪನ ಕೈ ಬೆವರಿತ್ತು ಅಂದೆ. ಆಮೇಲೆ ಪಂಗತಿ ಕೂತಾಗ ಮತ್ತೆ ನನ್ನನ್ನು ಕಳಿಸಿದಳು. ನೋಡಿ ಬಂದೆ. ಅಪ್ಪ ಭೀಮಣ್ಣನ ಪಕ್ಕದಲ್ಲಿ, ಎಲ್ಲರ ಕಡೆ ಮುಖ ಮಾಡಿ ಕೂತಿದ್ದ. ಎಡಗೈಯಲ್ಲಿ ಉಣ್ಣುತ್ತಿದ್ದ. ಎರಡನೇ ಸಲ ಅನ್ನ ಹಾಕಿಸಿಕೊಂಡ. ಇದನ್ನು ಕೇಳಿದ ಮೇಲೆಯೇ ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು, “ನಾನೂ ಉಣ್ತೀನಿ ನಡಿ,” ಅಂದಳು.

ಅಲ್ಲಿಂದ ಮುಂದೆ ವರ್ಷವರ್ಷವೂ, ಕೌದಿ ಹೊಲಿಯುವಾಗ, ಹಬ್ಬದ ಹಿಂದಿನ ದಿನ, ಯಾರದಾದರೂ ಲಗ್ನಕ್ಕೆ ಹೋಗಿ ಬಂದಾಗ, ಅವ್ವ ನನ್ನನ್ನು ಕೂರಿಸಿ ಅದನ್ನು ಹೇಳಿಸುತ್ತಿದ್ದಳು. ಒಂದು ಮಾತು ಹೆಚ್ಚಾದರೆ ಸೂಜಿ ನಿಲ್ಲುತ್ತಿತ್ತು. “ಹೋದ ಸಲ ಇದು ಇದ್ದಿಲ್ಲ,” ಅನ್ನುತ್ತಿದ್ದಳು. ಆಮೇಲೆ ನಾನು ತಾಂಡೂರಿನ ಕಚೇರಿಯಲ್ಲಿ ಪಂಚನಾಮೆ ಬರೆಯುವ ಕೆಲಸಕ್ಕೆ ಸೇರಿದೆ. ಎಲ್ಲಿ ನಿಂತಿದ್ದಿ, ಏನು ಕಂಡೆ, ಯಾವುದು ಬರೀ ಕೇಳಿದ ಮಾತು ಎಂದು ಜನರನ್ನು ಕೇಳಿ ತೆಲುಗಿನಲ್ಲಿ ಬರೆದುಕೊಳ್ಳುವುದರಲ್ಲಿ ನನ್ನ ನೌಕರಿ ಕಳೆಯಿತು. ಆ ವಿದ್ಯೆ ನನಗೆ ಕಚೇರಿ ಕಲಿಸಿದ್ದಲ್ಲ. ಅಪ್ಪ ತೀರಿಕೊಂಡಾಗ ಅದೇ ಬಾರಾಬಂದಿ ತೊಡಿಸೋಣವೆಂದು ದೊಡ್ಡಪ್ಪ ಅಂದ. ಅವ್ವ ಸಂದೂಕದ ಮುಚ್ಚಳದ ಮೇಲೆ ಕೂತುಬಿಟ್ಟಳು. “ಅದು ಬದುಕಿದವನ ಅಂಗಿ, ಬ್ಯಾರೆದ್ದು ನೋಡ್ರಿ,” ಅಂದಳು.

ಹಾಗಾಗಿ ಅದು ಉಳಿದಿದೆ. ಈಚೆಗೆ ಅಕ್ಕನ ಮೊಮ್ಮಗನ ಲಗ್ನ ಜಹೀರಾಬಾದಿನಲ್ಲಿ ಗೊತ್ತಾಯಿತು. ಹುಡುಗನಿಗೆ ಹಳೆಯ ಕಾಲದ ಉಡುಪಿನ ಹುಚ್ಚು. ಫೋಟೋ ಚೆನ್ನಾಗಿ ಬರುತ್ತದಂತೆ. “ಮುತ್ಯಾ, ಬಾರಾಬಂದಿ ಬೇಕು,” ಅಂತ ಫೋನ್ ಮಾಡಿದ. ನಾನು ಅವ್ವ ಹೊಲಿದದ್ದನ್ನು ತೆಗೆದುಕೊಂಡು ಹೋಗಿ ದರ್ಜಿಯ ಮೇಜಿನ ಮೇಲೆ ಹಾಸಿದೆ. ತಿರುವಿ ಹಾಕಲಿಲ್ಲ, ಮುಖ ಮೇಲೆ ಮಾಡಿ ಹಾಸಿದೆ.

“ಸಾಬ್, ಇದು ಉಲ್ಟಾ ಅದ,” ಅಂದ ಆ ಎಳೆಯ ದರ್ಜಿ.

“ನಮ್ಮ ಮನ್ಯಾಗ ಇದೇ ಸೀದಾ,” ಅಂದೆ.

ಲಗ್ನದ ದಿನ ಮದುಮಗ ಎಡಪಕ್ಕೆಗೆ ಕಸೆ ಕಟ್ಟಿಕೊಂಡು ನಿಂತ. ಅಕ್ಕ ಹತ್ತಿರ ಹೋಗಿ ಗಂಟುಗಳನ್ನು ಒಂದೊಂದೇ ಮುಟ್ಟಿ ನೋಡಿದಳು, ಕೌದಿಯ ಹೊಲಿಗೆ ನೋಡುವಾಗ ಅವ್ವ ಮುಟ್ಟುತ್ತಿದ್ದ ಹಾಗೆ. ನಾನು ಕಣ್ಣು ಕೀಳದೆ ನಿಂತಿದ್ದೆ. ಅವತ್ತು ಹಂದರದಲ್ಲಿ ಹೇಗೆ ನಿಂತಿದ್ದೆನೋ ಹಾಗೆಯೇ, ಆದರೆ ಈ ಸಲ ಹೆದರಿಕೆಯಿಂದ ಅಲ್ಲ.

ಆಯಿ ಇಲ್ಲ, ಅಪ್ಪ ಇಲ್ಲ, ಭೀಮಣ್ಣ ಇಲ್ಲ. ಅಂಗಿ ಹೊಲಿದ ಅವ್ವನೂ ಇಲ್ಲ. ಅವಳು ಕಂಡಿರಲೂ ಇಲ್ಲ. ಆ ಸೋಮವಾರ ಆ ಹಂದರದಲ್ಲಿ ಇದ್ದು ಕಣ್ಣಾರೆ ಕಂಡವರಲ್ಲಿ ಈಗ ಬದುಕಿದ್ದಾರೆಂದು ನನಗೆ ಗೊತ್ತಿರುವವರನ್ನು ಹೇಳಿ ಮುಗಿಸುತ್ತೇನೆ. ನಮ್ಮ ಅಕ್ಕ ಮಾದೇವಿ, ಕೊಹೀರಿನ ಹತ್ತಿರ ಅದೇ ಮನೆಯಲ್ಲಿ ಇದ್ದಾಳೆ. ಬಾಸಿಂಗದ ಕೆಳಗಿನಿಂದ ಕಂಡಳು. ಭೀಮಣ್ಣನ ಕಿರಿಯ ಮಗಳು ಕಾಶವ್ವ, ಆರತಿ ತಟ್ಟೆ ಹಿಡಿದು ನಿಂತಿದ್ದವಳು, ಈಗ ತಾಂಡೂರಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಮತ್ತೆ ಸಿದ್ರಾಮಪ್ಪ. ತುಂಬ ಮುದುಕನಾಗಿ ಧಾರೂರಿನಲ್ಲಿ ಮಗಳ ಹತ್ತಿರ ಇದ್ದಾನೆ. ಮಾತು ಕಡಿಮೆ, ಆದರೆ ಇದನ್ನು ಕೇಳಿದರೆ ಬಲಗೈಯನ್ನು ಹೊಟ್ಟೆಗೆ ಅಡ್ಡ ಹಿಡಿದು, ಮೂರು ಬೆರಳಲ್ಲಿ ಗಂಟು ಹಾಕಿ ತೋರಿಸುತ್ತಾನೆ. ಇವರಲ್ಲಿ ಯಾರನ್ನಾದರೂ ಹೋಗಿ ಕೇಳಿ. ಚಪ್ಪಾಳೆ ಯಾರೂ ತಟ್ಟಲಿಲ್ಲ ಎಂದೇ ಹೇಳುತ್ತಾರೆ.